ಮಾವನಿಗೆ ಮರೆವಲ್ಲ, ಮುಖ ಕೂಡ್ತಿಲ್ಲ: ಗುರುತು ಹಿಡಿಯೋದ್ರಲ್ಲಿ ಮೆದುಳಿನ ಎಡ ಬಲದ ಪಾಲು

ನಮ್ಮ ಸೋದರಮಾವ ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ಮೂವತ್ತು ವರ್ಷದ ಮೇಲೆ ದಲಾಲಿ ಅಂಗಡಿ ನಡೆಸಿದೋರು. ಜಗಳೂರು, ಹರಪನಹಳ್ಳಿ, ಹೊನ್ನಾಳಿ ಕಡೆಯಿಂದ ಮೆಕ್ಕೆಜೋಳ ತರೋ ರೈತರು ಎರಡು ವರ್ಷ ಬಿಟ್ಟು ಬಂದ್ರೂ ಮುಖ ನೋಡಿದ ತಕ್ಷಣ ಊರು ಹೇಳಿ, ಹೋದ ಸಲ ಎಷ್ಟು ಚೀಲ ತಂದಿದ್ದ, ಬಾಕಿ ಎಷ್ಟು ಅಂತ ಗುಮಾಸ್ತ ಪುಸ್ತಕ ತೆಗೆಯೋ ಮುಂಚೆನೇ ಹೇಳಿಬಿಡ್ತಿದ್ರು. ಅಂಥ ಮಾವ ಹೋದ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಎದ್ದು ಹಜಾರಕ್ಕೆ ಬಂದು, ಪೇಪರ್ ಓದ್ತಾ ಕೂತಿದ್ದ ಸ್ವಂತ ಮಗನ್ನ ನೋಡಿ ಅತ್ತೆ ಕಡೆ ತಿರುಗಿ "ಯಾರೇ ಬಂದಿರೋದು, ಕಾಫಿ ಕೊಟ್ಯಾ?" ಅಂತ ಕೇಳಿದ್ರು.

ಅತ್ತೆ ತಮಾಷೆ ಅನ್ಕೊಂಡ್ರು. ಮಗ "ಅಪ್ಪಾ, ಏನಾಯ್ತು?" ಅಂದ. ಆ ದನಿ ಕಿವಿಗೆ ಬಿದ್ದಿದ್ದೇ ತಡ "ಓ ನೀನೇನೋ, ಯಾವಾಗ ಎದ್ದೆ" ಅಂತ ಮಾಮೂಲಿ ಥರ ಮಾತು ಶುರು ಮಾಡಿದ್ರು.

ಮನೆಯೋರೆಲ್ಲ ಸೇರಿ ಮೂರು ದಿನ ಹಾಳು ಮಾಡಿದ್ವಿ. ಮೊದಲು ಶುಗರ್ ಕಮ್ಮಿ ಆಗಿರ್ಬೇಕು ಅಂದ್ರು, ಆಮೇಲೆ ಕನ್ನಡಕದ ನಂಬರ್ ಬದಲಾಗಿದೆ ಅಂತ ಕಣ್ಣಿನ ಡಾಕ್ಟ್ರ ಹತ್ರ ಹೋದ್ವಿ, ಪಕ್ಕದ ಮನೆ ಹಿರಿಯರೊಬ್ರು "ಅರವತ್ತಕ್ಕೆ ಅರಳುಮರಳು, ಬಿಡ್ರಿ" ಅಂತ ತೀರ್ಪು ಕೊಟ್ಟಾಗಿತ್ತು. ಲಕ್ವ ಅಂದ್ರೆ ಕೈಕಾಲು ಬೀಳ್ಬೇಕು, ಬಾಯಿ ಸೊಟ್ಟಗಾಗ್ಬೇಕು ಅನ್ನೋದಷ್ಟೇ ನಮಗೆ ಗೊತ್ತಿದ್ದಿದ್ದು, ಮಾವನಿಗೆ ಅದ್ಯಾವುದೂ ಆಗಿರ್ಲಿಲ್ಲ, ನಡೀತಿದ್ರು, ಮಾತಾಡ್ತಿದ್ರು, ಮೆಕ್ಕೆಜೋಳದ ರೇಟ್ ಕೇಳಿದ್ರೆ ಕ್ವಿಂಟಲ್ ಲೆಕ್ಕದಲ್ಲಿ ಹೇಳ್ತಿದ್ರು. ಕೊನೆಗೆ ಕಣ್ಣಿನ ಡಾಕ್ಟ್ರೇ "ಇದು ಕಣ್ಣಿನ ತೊಂದರೆ ಅಲ್ಲ, ಎರಡೂ ಕಣ್ಣಲ್ಲಿ ಎಡಗಡೆ ನೋಟ ಒಂದೇ ಥರ ಹೋಗಿದೆ, ಎಮ್ಮಾರೈ ಮಾಡಿಸ್ರಿ" ಅಂದ್ಮೇಲೆ ಗೊತ್ತಾಗಿದ್ದು ಮೆದುಳಿನ ಬಲಗಡೆ ಹಿಂಭಾಗದ ರಕ್ತನಾಳ ಕಟ್ಟಿಕೊಂಡು ಅಲ್ಲೊಂದಷ್ಟು ಜಾಗ ಸತ್ತುಹೋಗಿದೆ ಅಂತ. ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಆಸ್ಪತ್ರೆ ಸೇರಿರ್ಬೇಕು, ನಾವು ಸೇರಿದ್ದು ನಾಲ್ಕನೇ ದಿನ. ಇದನ್ನ ಮೊದಲೇ ಹೇಳ್ತಿದೀನಿ ಯಾಕಂದ್ರೆ ಮುಂದೆ ಬರೋದೆಲ್ಲ ಓದ್ದೇ ಇದ್ರೂ ಪರವಾಗಿಲ್ಲ, ಒಂದು ಕಡೆ ನೋಟ ಇದ್ದಕ್ಕಿದ್ದಂಗೆ ಹೋದ್ರೆ, ಗೊತ್ತಿರೋ ಮುಖ ಇದ್ದಕ್ಕಿದ್ದಂಗೆ ಅಪರಿಚಿತ ಆದ್ರೆ, ಅದೂ ಲಕ್ವಾನೇ ಇರಬಹುದು.

ಆಸ್ಪತ್ರೆಯಿಂದ ವಾಪಸ್ ಬರ್ತಾ ರೋಡಲ್ಲಿ ಒಂದು ದೊಡ್ಡ ಫ್ಲೆಕ್ಸ್ ನೋಡಿದೆ. ದಾವಣಗೆರೆ ಗೊತ್ತಲ್ಲ, ಕಾಲೇಜು ಕೋಚಿಂಗ್ ಊರು, ಗಲ್ಲಿಗೊಂದು ಕ್ಲಾಸ್. ಯಾವುದೋ ಮಕ್ಕಳ ಟ್ರೈನಿಂಗ್ ಸೆಂಟರ್‌ನೋರು ಮೆದುಳಿನ ಚಿತ್ರ ಹಾಕಿ ಎಡಕ್ಕೆ ಬೂದಿ ಬಣ್ಣ ಬಳಿದು ಅದರ ತುಂಬ ಲೆಕ್ಕ, ಅಂಕಿ, ಲಾಜಿಕ್ ಅಂತೆಲ್ಲ ಬರೆದು, ಬಲಕ್ಕೆ ಕಾಮನಬಿಲ್ಲಿನ ಬಣ್ಣ ಬಳಿದು ಚಿತ್ರ, ಸಂಗೀತ, ಮುಖ, ಭಾವನೆ ಅಂತ ಬರೆದು, ಕೆಳಗೆ "ನಿಮ್ಮ ಮಗುವಿನ ರೈಟ್ ಬ್ರೈನ್ ಜಾಗೃತಗೊಳಿಸಿ" ಅಂತ ಫೋನ್ ನಂಬರ್ ಕೊಟ್ಟಿದ್ರು. ಕಾರಲ್ಲಿ ಪಕ್ಕದಲ್ಲೇ ಬಲಗಡೆ ಮೆದುಳಲ್ಲಿ ತೂತು ಬಿದ್ದಿರೋ ಮನುಷ್ಯ ಕೂತಿದ್ರು. ಆ ಫ್ಲೆಕ್ಸ್ ಹೇಳೋದು ನಿಜಾನಾ ಅಂತ ಅವತ್ತಿಂದ ಓದೋಕೆ ಶುರು ಮಾಡಿದ್ದು, ಡಾಕ್ಟ್ರನ್ನ ತಲೆ ತಿಂದಿದ್ದು. ಅರ್ಧ ನಿಜ ಅಂತ ಗೊತ್ತಾಯ್ತು, ಅದೇ ಕಷ್ಟ, ಪೂರ್ತಿ ಸುಳ್ಳಾಗಿದ್ರೆ ಒಂದೇ ಮಾತಲ್ಲಿ ತಳ್ಳಿ ಹಾಕಬಹುದಿತ್ತು.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿಸ್ತೀನಿ. ಎಡಗಣ್ಣು ಬಲ ಮೆದುಳಿಗೆ, ಬಲಗಣ್ಣು ಎಡ ಮೆದುಳಿಗೆ ಅಂತ ಬಹಳ ಜನ ಅನ್ಕೊಂಡಿದಾರೆ, ನಾನೂ ಅನ್ಕೊಂಡಿದ್ದೆ. ಹಂಗಿಲ್ಲ ಅದು. ಜಯದೇವ ಸರ್ಕಲ್‌ನಲ್ಲಿ ನಿಂತು ನೆಟ್ಟಗೆ ಎದುರಿಗಿರೋ ಒಂದು ಬೋರ್ಡ್ ನೋಡ್ತಿದೀರಿ ಅನ್ಕೊಳ್ರಿ, ನೀವು ಕಣ್ಣು ನೆಟ್ಟಿರೋ ಜಾಗದಿಂದ ಎಡಕ್ಕೆ ಕಾಣೋದೆಲ್ಲ, ಅದು ಯಾವ ಕಣ್ಣಿಗೆ ಕಂಡ್ರೂ ಸರಿ, ಬಲ ಮೆದುಳಿಗೆ ಹೋಗುತ್ತೆ, ಬಲಕ್ಕೆ ಕಾಣೋದೆಲ್ಲ ಎಡ ಮೆದುಳಿಗೆ ಹೋಗುತ್ತೆ. ಕಣ್ಣಿನ ನರಗಳು ಮೆದುಳಿನ ಬುಡದಲ್ಲಿ ಅರ್ಧರ್ಧ ದಾಟಿಕೊಂಡು ಹೋಗೋದ್ರಿಂದ ಹಿಂಗೆ. ಅದಕ್ಕೇ ಮಾವನಿಗೆ ಎಡಗಣ್ಣು ಮುಚ್ಚಿದ್ರೂ ಬಲಗಣ್ಣು ಮುಚ್ಚಿದ್ರೂ ಎಡಗಡೆ ಬಾಗಿಲ ಚೌಕಟ್ಟು ಕಾಣ್ಸಲ್ಲ, ಭುಜ ಹೊಡ್ಕೊಳ್ತಾರೆ. ಬೆಣ್ಣೆ ದೋಸೆ ಹೋಟ್ಲಲ್ಲಿ ಎಡಕ್ಕಿಟ್ಟ ಚಟ್ನಿ ಬಟ್ಲು ಕಾಣ್ದೆ "ಏನಪಾ, ಚಟ್ನಿ ಇಲ್ವಾ ಇವತ್ತು?" ಅಂತ ಹುಡುಗನ್ನ ಗದರಿದ್ರು. ಪೇಪರ್ ಓದೋಕೆ ಬರುತ್ತೆ, ಆದ್ರೆ ಸಾಲು ಎಲ್ಲಿಂದ ಶುರು ಅಂತ ಹುಡುಕೋಕೆ ಎಡ ಅಂಚಿಗೆ ಬೆರಳು ಇಟ್ಕೊಂಡು ಓದ್ತಾರೆ.

ಎರಡು ಹೋಳುಗಳ ಮಧ್ಯೆ ಸುಮಾರು 20 ಕೋಟಿ ನರತಂತುಗಳ ಒಂದು ಸೇತುವೆ ಇದೆ, ಎಡಕ್ಕೆ ಬಂದಿದ್ದು ಬಲಕ್ಕೆ, ಬಲಕ್ಕೆ ಬಂದಿದ್ದು ಎಡಕ್ಕೆ ಕ್ಷಣದಲ್ಲಿ ಹಂಚಿಹೋಗುತ್ತೆ. ಹಂಗಾಗಿ ನಮಗೆ ಲೋಕ ಎರಡು ತುಂಡಾಗಿ ಕಾಣಲ್ಲ. ಈ ಸೇತುವೆ ಕತ್ತರಿಸಿದ್ರೆ ಏನಾಗುತ್ತೆ? ಔಷಧಿಗೆ ಬಗ್ಗದ ಫಿಟ್ಸ್ ಇರೋ ಕೆಲವರಿಗೆ ಅಮೆರಿಕದಲ್ಲಿ ಈ ಆಪರೇಷನ್ ಮಾಡಿದ್ರು, ಅವರನ್ನ ಪರೀಕ್ಷೆ ಮಾಡಿದ ರೋಜರ್ ಸ್ಪೆರಿ ಅವರಿಗೆ 1981ರಲ್ಲಿ ನೊಬೆಲ್ ಬಂತು. 1972ರಲ್ಲಿ ಸ್ಪೆರಿ ಮತ್ತು ಜೊತೆಗಾರರು ಮಾಡಿದ ಒಂದು ಪ್ರಯೋಗ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಒಬ್ಬನ ಮುಖದ ಎಡ ಅರ್ಧ, ಇನ್ನೊಬ್ಬನ ಮುಖದ ಬಲ ಅರ್ಧ ಮೂಗಿನ ನೇರಕ್ಕೆ ಜೋಡಿಸಿ ಒಂದು ಮುಖ ಮಾಡೋದು, ಅದನ್ನ ಕಣ್ಣು ಮಿಟುಕಿಸೋಷ್ಟು ಹೊತ್ತು ತೋರ್ಸೋದು. ಯಾರು ಅಂತ ಬಾಯಲ್ಲಿ ಹೇಳ್ರಿ ಅಂದ್ರೆ ಬಲ ಅರ್ಧದೋನ ಹೆಸರು ಹೇಳ್ತಿದ್ರು, ಫೋಟೋಗಳ ಸಾಲಲ್ಲಿ ಯಾರನ್ನ ನೋಡಿದ್ರಿ ತೋರ್ಸ್ರಿ ಅಂದ್ರೆ ಹೆಚ್ಚಾಗಿ ಎಡ ಅರ್ಧದೋನ ಫೋಟೋಕ್ಕೆ ಬೆರಳು ಇಡ್ತಿದ್ರು. ಹೆಸರು ಎಡ ಮೆದುಳಿನ ಕೆಲಸ, ಅದು ನೋಡಿದ್ದು ಬಲ ಅರ್ಧ. ಮುಖಾನ ಮುಖಕ್ಕೆ ಹೊಂದಿಸೋದು ಬಲ ಮೆದುಳಿನ ಕೈವಾಡ, ಅದು ನೋಡಿದ್ದು ಎಡ ಅರ್ಧ. ಇನ್ನೂ ಮಜಾ ಅಂದ್ರೆ, ಜೋಡಿಸಿದ ಮುಖದಲ್ಲಿ ಏನೋ ಎಡವಟ್ಟಿದೆ ಅಂತ ಅವರಿಗೆ ಅನ್ನಿಸ್ತಾನೇ ಇರ್ಲಿಲ್ಲವಂತೆ, ಪ್ರತಿಯೊಂದು ಹೋಳೂ ತನಗೆ ಸಿಕ್ಕಿದ ಅರ್ಧಾನ ಪೂರ್ತಿ ಮುಖ ಮಾಡ್ಕೊಂಡುಬಿಡ್ತಿತ್ತು.

ಅಂದ್ರೆ ಒಂದೇ ಮುಖಕ್ಕೆ ಇಬ್ಬರು ಸಾಕ್ಷಿ. ಒಬ್ಬನಿಗೆ ಮುಖ ಚೆನ್ನಾಗಿ ಗೊತ್ತು ಆದ್ರೆ ಮಾತು ಬರಲ್ಲ, ಇನ್ನೊಬ್ಬ ಮಾತುಗಾರ.

ಈಗ ಜಾಗಕ್ಕೆ ಬರೋಣ. ಕಿವಿ ಹಿಂದೆ, ಮೆದುಳಿನ ಅಡಿಭಾಗದಲ್ಲಿ ಫ್ಯೂಸಿಫಾರ್ಮ್ ಅಂತ ಒಂದು ಮಡಿಕೆ ಇದೆ, ಎರಡೂ ಕಡೆ. 1997ರಲ್ಲಿ ನ್ಯಾನ್ಸಿ ಕ್ಯಾನ್‌ವಿಷರ್ ತಂಡ ಸ್ಕ್ಯಾನ್‌ನಲ್ಲಿ ತೋರಿಸಿಕೊಟ್ಟಿದ್ದು, ಮನೆ, ಕೈ, ಬೇರೆ ವಸ್ತುಗಳಿಗಿಂತ ಮುಖ ಕಂಡಾಗ ಅಲ್ಲೊಂದು ಪುಟ್ಟ ಜಾಗ ಜಾಸ್ತಿ ಕೆಲಸ ಮಾಡುತ್ತೆ ಅಂತ. ಬಹುತೇಕ ಜನರಲ್ಲಿ ಬಲಗಡೆದು ದೊಡ್ಡದು, ಜೋರು. ತಲೆಗೆ ವೈರ್ ಅಂಟಿಸಿ ಇಇಜಿ ತೆಗೆದ್ರೂ ಮುಖ ಕಂಡು 170 ಮಿಲಿಸೆಕೆಂಡ್ ಹೊತ್ತಿಗೆ, ಅಂದ್ರೆ ಸೆಕೆಂಡಿನ ಆರನೇ ಒಂದು ಭಾಗದಲ್ಲಿ, ಒಂದು ಅಲೆ ಬರುತ್ತೆ, ಅದೂ ಸಾಮಾನ್ಯವಾಗಿ ಬಲಗಡೆ ಜಾಸ್ತಿ. ಎಡಗೈ ಬಳಸೋರಲ್ಲಿ ಈ ಬಲದ ಒಲವು ಅಷ್ಟು ಗಟ್ಟಿ ಇರಲ್ಲ.

ಆದ್ರೆ ಸ್ಕ್ಯಾನ್‌ನಲ್ಲಿ ಬೆಳಗೋದು ಒಂದು, ಆ ಜಾಗ ಇಲ್ದೆ ಕೆಲಸ ನಡಿಯಲ್ಲ ಅನ್ನೋದು ಇನ್ನೊಂದು. ಅದನ್ನ ತೋರಿಸಿದ್ದು ಸ್ಟ್ಯಾನ್‌ಫರ್ಡ್‌ನ ಜೋಸೆಫ್ ಪರ್ವೀಜಿ ತಂಡ. ಫಿಟ್ಸ್ ಎಲ್ಲಿಂದ ಶುರುವಾಗುತ್ತೆ ಅಂತ ಹುಡುಕೋಕೆ ಕೆಲವು ರೋಗಿಗಳ ಮೆದುಳಿನ ಮೇಲೆ ಎಲೆಕ್ಟ್ರೋಡ್ ಇಟ್ಟಿರ್ತಾರೆ, 2012ರಲ್ಲಿ ಅಂಥ ಒಬ್ಬರ ಫ್ಯೂಸಿಫಾರ್ಮ್‌ಗೆ ಸಣ್ಣ ಕರೆಂಟ್ ಕೊಟ್ರೆ ಎದುರಿಗೆ ನಿಂತ ಡಾಕ್ಟ್ರ ಮುಖ ಬೇರೆಯಾರದೋ ಆಗಿಹೋಯ್ತು ಅಂದ್ರಂತೆ, ಸೂಟು ಟೈ ಎಲ್ಲ ಹಂಗೇ ಇತ್ತು, ಮುಖ ಮಾತ್ರ ಬದಲು. 2014ರಲ್ಲಿ ಇದೇ ತಂಡ ಹತ್ತು ಜನರಲ್ಲಿ ಎಡ ಬಲ ಎರಡೂ ಕಡೆ ಹೋಲಿಸಿ ನೋಡ್ತು. ಮುಖ ಕೆಡ್ತಿದ್ದಿದ್ದು ಬಲಗಡೆ ಕರೆಂಟ್ ಕೊಟ್ಟಾಗ. ಎಡಗಡೆ ಕೊಟ್ರೆ ಏನೋ ಮಿಣುಕು, ಬಣ್ಣ, ಆ ಥರದ್ದು ಕಾಣ್ತಿತ್ತೇ ಹೊರತು ಮುಖ ಕೆಡ್ತಿರ್ಲಿಲ್ಲ. ನಮ್ಮ ಮಾವನಿಗೆ ಹೊಡೆತ ಬಿದ್ದಿರೋದೂ ಬಲಗಡೆ ಇದೇ ಸುತ್ತಮುತ್ತ.

ಇಲ್ಲಿಗೆ ನಿಲ್ಲಿಸಿದ್ರೆ ಫ್ಲೆಕ್ಸ್‌ನೋನು ಗೆದ್ದ, ಮುಖ ಅಂದ್ರೆ ಬಲ, ಮುಗೀತು. ಹಾಗಾದ್ರೆ ಎಡಗಡೆ ಇರೋ ಫ್ಯೂಸಿಫಾರ್ಮ್ ಏನ್ ಮಾಡ್ತಾ ಕೂತಿರುತ್ತೆ?

ಇದಕ್ಕೆ ಉತ್ತರ ಬೇಕಂದ್ರೆ ಚಿತ್ರದುರ್ಗಕ್ಕೆ ಬರ್ರಿ. ದಾವಣಗೆರೆಯಿಂದ ಹೈವೇಲಿ ಒಂದು ಗಂಟೆ ದಾರಿ. ಕೋಟೆ ಹತ್ತುತ್ತಾ ಹೋದ್ರೆ ಬಂಡೆ ಬಂಡೆನೂ ಒಂದೊಂದು ಆಕಾರ, ಜೊತೆಗೆ ಬಂದ ಮಕ್ಕಳಿಗೆ ಅದೇ ಆಟ, "ನೋಡು ಅಲ್ಲಿ ಆನೆ", "ಅಲ್ಲಿ ಅಜ್ಜನ ಮುಖ, ಮೂಗು ನೋಡು ಮೂಗು". ಸಂಜೆ ಇಳಿಬಿಸಿಲು ಓರೆಯಾಗಿ ಬಿದ್ದು ಬಂಡೆ ಸಂದಿಲಿ ನೆರಳು ಕೂತಾಗ ಎರಡು ಗುಳಿ ಕಣ್ಣಾಗುತ್ತೆ, ಒಂದು ಬಿರುಕು ಬಾಯಾಗುತ್ತೆ. ಒನಕೆ ಓಬವ್ವನ ಕಿಂಡಿ ನೋಡ್ಕೊಂಡು ಬರ್ತಾ ನನ್ನ ಅಕ್ಕನ ಮಗಳು ಒಂದು ಬಂಡೆ ನೋಡಿ "ಇದು ನಮ್ಮ ಹೆಡ್‌ಮಾಸ್ಟ್ರು" ಅಂದ್ಳು, ನಿಜವಾಗ್ಲೂ ಹಂಗೇ ಇತ್ತು, ಸಿಟ್ಟು ಬಂದ ಹೆಡ್‌ಮಾಸ್ಟ್ರು. ಆದ್ರೆ ಒಂದು ಗಮನಿಸ್ರಿ, ಎಷ್ಟೇ ಹೋಲಿದ್ರೂ ಯಾರೂ ಆ ಬಂಡೆಗೆ ನಮಸ್ಕಾರ ಸಾರ್ ಅನ್ನಲ್ಲ. "ಮುಖದ ಥರ ಇದೆ" ಅನ್ನೋದೂ "ಇದು ಮುಖ ಅಲ್ಲ" ಅನ್ನೋದೂ ಎರಡೂ ಒಟ್ಟೊಟ್ಟಿಗೆ ತಲೇಲಿ ಇರುತ್ತೆ. ಎರಡು ಬೇರೆ ಬೇರೆ ಲೆಕ್ಕ.

ಅಮೆರಿಕದ ಎಂಐಟಿ ಯೂನಿವರ್ಸಿಟಿಯ ಪವನ್ ಸಿನ್ಹಾ, ನಮ್ಮ ದೆಹಲಿ ಐಐಟಿಲಿ ಓದಿ ಹೋದೋರು, ಅವರು ಮತ್ತು ಮಿಂಗ್ ಮೆಂಗ್ ಸೇರಿ 2012ರಲ್ಲಿ ಪ್ರಕಟಿಸಿದ ಕೆಲಸ ಇದೇ ಲೆಕ್ಕದ ಮೇಲೆ. ಅವರು ಚಿತ್ರ ಆರಿಸಿದ ರೀತಿ ನನಗೆ ಬಹಳ ಹಿಡಿಸ್ತು: ಮುಖ ಹುಡುಕೋ ಕಂಪ್ಯೂಟರ್ ಪ್ರೋಗ್ರಾಂ ಮೋಸಹೋಗಿ ಮುಖ ಅಂತ ಗುರುತು ಹಾಕಿದ, ಆದ್ರೆ ಮುಖ ಅಲ್ಲದ ಚಿತ್ರಗಳನ್ನ ಒಟ್ಟು ಮಾಡಿದ್ರು. ಮುಖಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನೋದ್ರಿಂದ ಹಿಡಿದು, ಹೌದೌದು ಅನ್ನೋ ಥರದ್ದು, ಅಲ್ಲಿಂದ ನಿಜವಾದ ಮುಖದವರೆಗೆ, ಜನರ ಕೈಲೇ ಹೋಲಿಕೆ ಮಾಡಿಸಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ರು. ಆಮೇಲೆ ಸ್ಕ್ಯಾನರ್ ಒಳಗೆ ಮಲಗಿದೋರಿಗೆ ತೋರ್ಸಿದ್ರು. ಎಡ ಫ್ಯೂಸಿಫಾರ್ಮ್ ಮೆಟ್ಟಿಲು ಮೆಟ್ಟಿಲಾಗಿ ಏರ್ತಾ ಹೋಯ್ತು, ಮುಖದ ಹೋಲಿಕೆ ಸ್ವಲ್ಪ ಜಾಸ್ತಿ ಆದ್ರೆ ಸ್ವಲ್ಪ ಜಾಸ್ತಿ. ಬಲದ್ದು ಹಂಗಲ್ಲ, ನಿಜವಾದ ಮುಖಕ್ಕೆ ಒಂದು ಥರ, ಮುಖ ಅಲ್ಲದ್ದು ಎಷ್ಟೇ ಹೋಲಿದ್ರೂ ಇನ್ನೊಂದು ಥರ. ನಮ್ಮ ಮಂಡಿ ಭಾಷೇಲಿ ಹೇಳ್ಬೇಕಂದ್ರೆ ಎಡದೋನು ತಕ್ಕಡಿ ಹಿಡಿದು ತೂಕ ಹೇಳ್ತಾನೆ, ಇಷ್ಟು ಕೆಜಿ, ಇಷ್ಟು ಗ್ರಾಮು ಅಂತ, ಬಲದೋನು ಮಾಲು ಪಾಸೋ ಫೇಲೋ ಅಷ್ಟೇ ಹೇಳ್ತಾನೆ.

ಎಡದ್ದು ಬಲದ್ದಕ್ಕಿಂತ ಸ್ವಲ್ಪ ಮುಂಚೆ ಏಳುತ್ತೆ ಅಂತಾನೂ ಅವರಿಗೆ ಕಂಡಿತ್ತು, ಅಂದ್ರೆ ಮೊದಲು ತೂಕ ಆಮೇಲೆ ತೀರ್ಪು ಅನ್ನೋ ಹಂಗೆ. ಇದನ್ನ ಮಾತ್ರ ನಾನು ಹುಷಾರಾಗಿ ಒಪ್ಕೊಳ್ತೀನಿ, ಯಾಕಂದ್ರೆ ಆ ಸ್ಕ್ಯಾನ್ ಅಳೆಯೋದು ರಕ್ತದ ಹರಿವನ್ನ, ಅದು ಸೆಕೆಂಡುಗಟ್ಟಲೆ ನಿಧಾನ, ಮೆದುಳು ಮುಖ ಹಿಡಿಯೋದು ಸೆಕೆಂಡಿನ ಆರನೇ ಒಂದು ಪಾಲಲ್ಲಿ. ಎತ್ತಿನಗಾಡಿ ಎಬ್ಬಿಸಿದ ಧೂಳು ನೋಡಿ ಬಸ್ಸಿನ ಟೈಮ್ ಹೇಳಿದ ಹಂಗೆ. ಆದ್ರೆ ಎಡದ್ದು ಹೋಲಿಕೆ ಅಳೆಯುತ್ತೆ, ಬಲದ್ದು ಮುಖ ಹೌದೋ ಅಲ್ವೋ ಅಂತ ಗೆರೆ ಎಳೆಯುತ್ತೆ ಅನ್ನೋ ಭಾಗ ಚಿಂತನೆಗೆ ಗಟ್ಟಿ ಹಿಡಿ ಕೊಡುತ್ತೆ.

ಇದರ ಜೊತೆ ಇನ್ನೊಂದು ವ್ಯತ್ಯಾಸ ಸೇರಿಸ್ರಿ. ಬಲದ್ದು ಮುಖಾನ ಒಟ್ಟಾಗಿ ಹಿಡಿಯುತ್ತೆ, ಕಣ್ಣು ಮೂಗು ಬಾಯಿ ಮಧ್ಯದ ಅಂತರ, ಹೊಂದಿಕೆ, ಎಲ್ಲ ಒಂದೇ ಏಟಿಗೆ. ಎಡದ್ದು ಬಿಡಿಬಿಡಿಯಾಗಿ ನೋಡೋದ್ರಲ್ಲಿ ಚುರುಕು, ಬರೀ ಮೂಗು, ಬರೀ ಹುಬ್ಬು. 2000ದಲ್ಲಿ ಬ್ರೂನೊ ರೊಸಿಯೊನ್ ತಂಡ ಸ್ಕ್ಯಾನ್‌ನಲ್ಲಿ ಇದನ್ನ ನೋಡಿತ್ತು. ಫೋಟೋ ತಲೆಕೆಳಗೆ ಹಿಡಿದ್ರೆ ಗೊತ್ತಿರೋರ ಮುಖಾನೂ ಸಿಗಲ್ಲ, ಮನೆ, ಗಾಡಿ ಆದ್ರೆ ಅಷ್ಟು ಕಷ್ಟ ಆಗಲ್ಲ, ಇದನ್ನ 1969ರಲ್ಲೇ ರಾಬರ್ಟ್ ಯಿನ್ ತೋರಿಸಿದ್ರು. ಒಟ್ಟು ಹಿಡಿಯೋ ವಿದ್ಯೆ ನೆಟ್ಟಗಿರೋ ಮುಖಕ್ಕೆ ಮಾತ್ರ. 1980ರಲ್ಲಿ ಪೀಟರ್ ಥಾಂಪ್ಸನ್ ಅನ್ನೋರು ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಫೋಟೋದಲ್ಲಿ ಕಣ್ಣು ಬಾಯಿ ಮಾತ್ರ ಕತ್ತರಿಸಿ ಉಲ್ಟಾ ಅಂಟಿಸಿ, ಇಡೀ ಫೋಟೋ ತಲೆಕೆಳಗೆ ತೋರ್ಸಿದ್ರೆ ಯಾರಿಗೂ ಏನೂ ಅನ್ನಿಸ್ಲಿಲ್ಲ, ನೆಟ್ಟಗೆ ತಿರುಗಿಸಿದ್ರೆ ರಾಕ್ಷಸಿ. ಮೊಬೈಲಲ್ಲಿ ನಿಮ್ಮ ಫ್ರೆಂಡ್ ಫೋಟೋಗೇ ಮಾಡಿ ನೋಡ್ರಿ, ಆಮೇಲೆ ಫ್ರೆಂಡ್‌ಶಿಪ್ ಉಳಿದ್ರೆ ನಿಮ್ಮ ಪುಣ್ಯ.

ಈ ಒಟ್ಟು ಮತ್ತೆ ಬಿಡಿ ಅನ್ನೋದು ನನಗೆ ಅರ್ಥ ಆಗಿದ್ದು ಮಾವನ್ನ ನೋಡಿ. ಈಗ ಅವರು ಮುಖ ನೋಡೋ ರೀತಿನೇ ಬೇರೆ. ಮೊದಲು ಒಂದು ನೋಟ ಸಾಕಿತ್ತು, ಈಗ ಎದುರಿಗೆ ಬಂದೋನ ಮೀಸೆ ನೋಡ್ತಾರೆ, ಕನ್ನಡಕ ನೋಡ್ತಾರೆ, ಹಣೇಲಿ ವಿಭೂತಿ ಇದೆಯಾ ಕುಂಕುಮ ಇದೆಯಾ ನೋಡ್ತಾರೆ, ಕೂದಲು ಹಿಂದಕ್ಕೆ ಬಾಚಿದಾನಾ ನೋಡ್ತಾರೆ, ಒಂದೊಂದೇ ಕೂಡಿಸಿ ಕೂಡಿಸಿ ಕೊನೆಗೆ "ನೀನು ನಮ್ಮ..." ಅಂತ ಅರ್ಧಕ್ಕೆ ನಿಲ್ಲಿಸಿ ಎದುರಿನೋನು ಬಾಯಿ ಬಿಡಲಿ ಅಂತ ಕಾಯ್ತಾರೆ. ಉಳಿದಿರೋ ಎಡಗಡೆ ಮೆದುಳು ಬಿಡಿ ಭಾಗ ಹಿಡಿದು ಸಂಸಾರ ನಡೆಸ್ತಿದೆ. ಆಮೇಲೆ ದೊಡ್ಡ ಮಗ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ, ಮೀಸೆನೂ ತೆಗೆಸಿದ್ದ, ಎರಡು ದಿನ ಮಾವನಿಗೆ ಅವನು ಯಾರೋ ಹೊಸ ಬಾಡಿಗೆದಾರ. ದನಿ ಕೇಳಿದಾಗಷ್ಟೇ ಮಗ.

ದುಗ್ಗಮ್ಮನ ಜಾತ್ರೆ ಟೈಮಲ್ಲಿ ಇಡೀ ಊರು ಫ್ಲೆಕ್ಸ್‌ಮಯ ಆಗಿರುತ್ತಲ್ಲ, ಒಂದೊಂದರಲ್ಲಿ ನಲವತ್ತು ತಲೆ. ಮಾವ ಅದರ ಮುಂದೆ ನಿಂತು ಕೆಳಗಿನ ಹೆಸರು ಒಂದೊಂದೇ ಓದಿ, ಇವನ ಅಪ್ಪ ಯಾರು, ಯಾವ ವಾರ್ಡು, ಯಾವ ಎಲೆಕ್ಷನ್ನಲ್ಲಿ ಸೋತ ಎಲ್ಲ ಹೇಳಿದ್ರು. ನಾನು ಹೆಸರಿಗೆ ಕೈ ಅಡ್ಡ ಇಟ್ಟು ಮುಖ ತೋರ್ಸಿ "ಇವರು ಯಾರು ಮಾವ?" ಅಂದ್ರೆ ತಲೆ ಅಲ್ಲಾಡಿಸಿಬಿಟ್ರು. ಆ ಮನುಷ್ಯ ಅವರ ಅಂಗಡಿಗೆ ವಾರಕ್ಕೆರಡು ಸಲ ಬರ್ತಿದ್ದೋನು. ಕೈ ತೆಗೆದೆ, ಹೆಸರು ಕಾಣ್ತು, ಕತೆ ಪೂರ್ತಿ ಹೊರಗೆ ಬಂತು. ಅಂದ್ರೆ ಮನುಷ್ಯ ನೆನಪಲ್ಲಿದಾನೆ, ಮುಖದ ಬಾಗಿಲಿಂದ ಒಳಗೆ ಹೋಗೋ ದಾರಿ ಮುಚ್ಚಿದೆ, ಹೆಸರಿನ ಬಾಗಿಲು, ದನಿಯ ಬಾಗಿಲು ತೆಗೆದೇ ಇದೆ. ಇದನ್ನ ಅರಳುಮರಳು ಅಂದ್ರೆ ನನಗೆ ಸಿಟ್ಟು ಬರೋದು ಅದಕ್ಕೇ. ಮರೆವಿನ ಕಾಯಿಲೆಲಿ ಕಡತಾನೇ ಕರಗ್ತಾ ಹೋಗುತ್ತೆ, ದನಿ ಕೇಳಿದ ತಕ್ಷಣ ಹಿಂಗೆಲ್ಲ ವಾಪಸ್ ಬರಲ್ಲ.

ಇರುಳುಗುರುಡು ಅಂತೀವಲ್ಲ, ಹಂಗೆ ಇದು ಮುಖಗುರುಡು. ಡಾಕ್ಟ್ರ ಭಾಷೇಲಿ ಪ್ರೊಸೊಪಗ್ನೋಸಿಯಾ, ಈ ಹೆಸರಿಟ್ಟಿದ್ದು ಜರ್ಮನಿಯ ಯೋಆಖಿಮ್ ಬೋಡಮರ್, 1947ರಲ್ಲಿ, ಅವರು ವರ್ಣಿಸಿದ ಒಬ್ಬ ತಲೆಗೆ ಪೆಟ್ಟುಬಿದ್ದ ಸೈನಿಕ, ಕನ್ನಡಿಲಿ ಸ್ವಂತ ಮುಖಾನೂ ಅವನಿಗೆ ಗುರುತು ಸಿಗ್ತಿರ್ಲಿಲ್ಲ. ಬಲಗಡೆ ಅಥವಾ ಎರಡೂ ಕಡೆ ಹೊಡೆತ ಬಿದ್ರೆ ಇದು ಬರುತ್ತೆ, ಬರೀ ಎಡಗಡೆ ಹೊಡೆತಕ್ಕೆ ಬಂದಿರೋದು ಬಹಳ ಅಪರೂಪ. ಎಡಗಡೆ ಅದೇ ಜಾಗ ಕೆಟ್ರೆ ಬೇರೆ ಥರದ ಕಷ್ಟ: ಕಣ್ಣು ಕಾಣುತ್ತೆ, ಬರೆಯೋಕೆ ಬರುತ್ತೆ, ಓದೋಕೆ ಬರಲ್ಲ. ತಾನೇ ಬರೆದ ಚೀಟಿ ತಾನೇ ಓದೋಕಾಗದ ರೋಗಿ ಬಗ್ಗೆ ಫ್ರಾನ್ಸಿನ ಡೆಜೆರಿನ್ 1892ರಲ್ಲೇ ಬರೆದಿದ್ರು.

ಈ ಓದೋ ವಿಷಯ ಬಹಳ ದೊಡ್ಡದು, ಇಲ್ಲೇ ಎಡ ಬಲದ ಹಂಚಿಕೆಗೆ ಕಾರಣ ಇರಬಹುದು ಅಂತ ಸುಮಾರು ವಿಜ್ಞಾನಿಗಳ ಲೆಕ್ಕ. ಅಕ್ಷರ ಹುಟ್ಟಿ ಕೆಲವು ಸಾವಿರ ವರ್ಷ ಅಷ್ಟೇ, ಮೆದುಳಲ್ಲಿ ಓದೋಕೆ ಅಂತ ಹುಟ್ಟಿನಿಂದ ಜಾಗ ಕಾದಿರಿಸಿರಲ್ಲ. ಮಗು ಅ ಆ ಇ ಈ ಕಲಿಯೋವಾಗ ಎಡ ಫ್ಯೂಸಿಫಾರ್ಮ್ ಪಕ್ಕದ ಜಾಗಾನ ಅಕ್ಷರಕ್ಕೆ ಬಿಟ್ಟುಕೊಡುತ್ತೆ, ಯಾಕಂದ್ರೆ ಮಾತಿನ ಕೇಂದ್ರ ಎಡಗಡೆನೇ ಇದೆ, ಹತ್ತಿರ ಆಗುತ್ತೆ. ಆಗ ಅಲ್ಲಿದ್ದ ಮುಖ ಬಲಕ್ಕೆ ಸರಿಯುತ್ತೆ ಅನ್ನೋದು ಫ್ರಾನ್ಸಿನ ಸ್ಟಾನಿಸ್ಲಾಸ್ ಡಿಹೇನ್ ವಾದ. 2010ರಲ್ಲಿ ಅವರ ತಂಡ ಬ್ರೆಜಿಲ್, ಪೋರ್ಚುಗಲ್‌ನ ಓದು ಬಾರದೋರು, ದೊಡ್ಡವರಾದ್ಮೇಲೆ ಕಲಿತೋರು, ಶಾಲೆಲಿ ಕಲಿತೋರು ಮೂರೂ ಥರದೋರನ್ನ ಹೋಲಿಸಿ, ಓದು ಬಲಿತಷ್ಟೂ ಎಡಗಡೆ ಆ ಜಾಗದಲ್ಲಿ ಮುಖಕ್ಕೆ ಬರೋ ಸ್ಪಂದನ ಸ್ವಲ್ಪ ಕಮ್ಮಿ ಆಗುತ್ತೆ ಅಂತ ವರದಿ ಮಾಡ್ತು.

ಇದನ್ನ ಹಿಡ್ಕೊಂಡು "ಓದಿದ್ರೆ ಮುಖ ಮರೆಯುತ್ತೆ" ಅಂತ ವಾಟ್ಸಾಪ್ ಯೂನಿವರ್ಸಿಟಿ ಶುರು ಆಗೋ ಮುಂಚೆ ಇನ್ನೊಂದು ಹೇಳ್ಬೇಕು. ಉತ್ತರಪ್ರದೇಶದಲ್ಲಿ, ಲಖನೌ ಕಡೆ ಹಳ್ಳಿಗಳಲ್ಲಿ, ಓದು ಬರೋರು ಬಾರದೋರು ಇಬ್ಬರನ್ನೂ ಸ್ಕ್ಯಾನ್ ಮಾಡಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಓದು ಕಲಿತೋರಿಗೆ ಮುಖದ ಸ್ಪಂದನ ಕಮ್ಮಿ ಆಗಿದ್ದೇ ಕಾಣ್ಲಿಲ್ಲ. ಅಕ್ಷರ ಬಂತು, ಮುಖ ಜಾಗ ಖಾಲಿ ಮಾಡ್ಲಿಲ್ಲ, ಇಬ್ಬರೂ ಹೊಂದಿಕೊಂಡು ಇದ್ರು. ನನಗೆ ಈ ಎರಡನೇದೇ ಜಾಸ್ತಿ ಒಪ್ಪಿಗೆ, ಒಂದು ಕಾರಣ ಬರೀ ಮನೆ ಕಡೆದು: ನಮ್ಮಜ್ಜಿಗೆ ಸಹಿ ಹಾಕೋಕೂ ಬರ್ತಿರ್ಲಿಲ್ಲ, ಊರಿನ ಮುಖ ಎಲ್ಲ ಗೊತ್ತಿತ್ತು, ಅವರ ಮಗ ಈ ನಮ್ಮ ಮಾವ ದಿನಕ್ಕೆ ಎರಡು ಪೇಪರ್ ಓದೋರು, ಲಕ್ವ ಹೊಡಿಯೋವರೆಗೂ ಅವರಿಗೂ ಗೊತ್ತಿತ್ತು. ಇದು ಪುರಾವೆ ಏನಲ್ಲ, ಗೊತ್ತು.

ಓದೋ ದಿಕ್ಕಿಗೂ ಇದಕ್ಕೂ ನಂಟಿದೆ. ನಾವು ಯಾರದೇ ಮುಖ ನೋಡೋವಾಗ ನಮ್ಮ ಎಡಕ್ಕೆ ಬೀಳೋ ಅರ್ಧಕ್ಕೆ ಸ್ವಲ್ಪ ಜಾಸ್ತಿ ಬೆಲೆ ಕೊಡ್ತೀವಿ, ನಗ್ತಿದಾರಾ ಸಿಟ್ಟಾ ಅಂತ ಅದರಿಂದಲೇ ಹೆಚ್ಚು ನಿರ್ಧಾರ, ಯಾಕಂದ್ರೆ ಅದು ಬಲ ಮೆದುಳಿಗೆ ನೇರ ಹೋಗುತ್ತೆ. ಆದ್ರೆ 1989ರಲ್ಲಿ ಜ್ಯೋತ್ಸ್ನಾ ವೈದ್ ಮತ್ತು ಮಹಾರಾಜ್ ಸಿಂಗ್ ಹಿಂದಿ ಓದೋರನ್ನೂ ಬಲದಿಂದ ಎಡಕ್ಕೆ ಓದೋರನ್ನೂ ಹೋಲಿಸಿದಾಗ ಈ ಎಡದ ಒಲವು ಹಿಂದಿಯವರಲ್ಲಿ ಎದ್ದು ಕಾಣ್ತು, ಅರಬ್ಬಿ ಲಿಪಿ ಓದೋರಲ್ಲಿ ಅಷ್ಟು ಕಾಣ್ಲಿಲ್ಲ. ನಮ್ಮೂರಲ್ಲೇ ಕನ್ನಡ ಶಾಲೆ ಉರ್ದು ಶಾಲೆ ಅಕ್ಕಪಕ್ಕ ಇರೋ ಕಡೆ ಈ ಪ್ರಯೋಗ ಮಾಡಬಹುದು, ಫೋಟೋ ಎರಡು, ಕತ್ತರಿ ಒಂದು, ಇಷ್ಟೇ ಖರ್ಚು. ಅಂದ್ರೆ ಹುಟ್ಟಿನಿಂದ ಬಂದ ಎಡ ಬಲದ ಮೇಲೆ ಅಭ್ಯಾಸಾನೂ ತನ್ನ ಗೆರೆ ಎಳೆಯುತ್ತೆ.

ಹುಟ್ಟಿನ ವಿಷಯ ಬಂತು ಅಂತ ಹೇಳ್ತೀನಿ. ಕೆಲವು ಮಕ್ಕಳಿಗೆ ಹುಟ್ಟುತ್ಲೇ ಒಂದು ಕಣ್ಣಿಗೆ ಪೊರೆ ಇರುತ್ತೆ. ಹಸುಗೂಸಲ್ಲಿ ಕಣ್ಣಿಂದ ಎದುರು ಬದಿ ಮೆದುಳಿಗೆ ಹೋಗೋ ದಾರಿನೇ ಜೋರಾಗಿರುತ್ತೆ, ಸೇತುವೆ ಇನ್ನೂ ಬಲಿತಿರಲ್ಲ. ಹಂಗಾಗಿ ಎಡಗಣ್ಣಿಗೆ ಪೊರೆ ಇದ್ರೆ ಬಲ ಮೆದುಳು ಆ ತಿಂಗಳುಗಳಲ್ಲಿ ಕತ್ತಲಲ್ಲಿ ಇದ್ದಂಗೆ. ಕೆನಡಾದ ಡಾಫ್ನಿ ಮೌರರ್ ತಂಡ 2003ರಲ್ಲಿ ಹೇಳಿದ್ದು, ಎಡಗಣ್ಣು ಮುಚ್ಚಿದ್ದ ಮಕ್ಕಳಿಗೆ ಆಪರೇಷನ್ ಆಗಿ ವರ್ಷಗಟ್ಟಲೆ ಆದ್ಮೇಲೂ ಮುಖಗಳ ಸೂಕ್ಷ್ಮ ಅಂತರ ಹಿಡಿಯೋದ್ರಲ್ಲಿ ಕೊರತೆ ಉಳೀತು, ಬಲಗಣ್ಣು ಮುಚ್ಚಿದ್ದೋರಿಗೆ ಉಳೀಲಿಲ್ಲ. ಬಲಕ್ಕೆ ಆ ಮೊದಲ ತಿಂಗಳುಗಳ ಬೆಳಕು ಬೇಕೇ ಬೇಕು, ಎಡ ಅದರ ಬದಲಿಗೆ ನಿಲ್ಲಲ್ಲ. ಮಗುವಿನ ಕಣ್ಣಪಾಪೆ ಬೆಳ್ಳಗೆ ಕಂಡ್ರೆ "ಬೆಳೀತಾ ಸರಿಹೋಗುತ್ತೆ" ಅಂತ ಕಾಯಬಾರದು ಅನ್ನೋದಕ್ಕೆ ಇದೂ ಒಂದು ಕಾರಣ.

ಪೆಟ್ಟು ಬೀಳ್ದೆ, ಲಕ್ವ ಹೊಡೀದೆ, ಹುಟ್ಟಿನಿಂದಲೇ ಮುಖಗುರುಡು ಇರೋರೂ ಇದಾರೆ, ನೂರಕ್ಕೆ ಸುಮಾರು ಎರಡು ಜನ ಅಂತ ಅಂದಾಜು. ಮೆದುಳಿನ ರೋಗಿಗಳ ಬಗ್ಗೆ ಬರೆದು ಹೆಸರಾದ ಡಾಕ್ಟರ್ ಆಲಿವರ್ ಸ್ಯಾಕ್ಸ್ ಅವರಿಗೇ ಇತ್ತು, ಚಿಂಪಾಂಜಿಗಳ ಜೊತೆ ಜೀವನ ಕಳೆದ ಜೇನ್ ಗುಡಾಲ್ ಅವರಿಗೂ ಇತ್ತು. ನಮ್ಮ ಕಡೆ ಇಂಥೋರಿಗೆ ಸಿಗೋ ಹೆಸರು ಒಂದೇ, ಸೊಕ್ಕು. ಮದುವೆ ಮನೇಲಿ ಎದುರಿಗೆ ಬಂದ್ರೂ ಮಾತಾಡಿಸ್ಲಿಲ್ಲ, ದುಡ್ಡು ಬಂತಲ್ಲ. ಎಷ್ಟು ಸಂಬಂಧ ಹಿಂಗೆ ಹಳಸಿರುತ್ತೋ.

ಗುರುತು ಸಿಗದ ಮುಖಾನೂ ಒಳಗೆಲ್ಲೋ ತಟ್ಟುತ್ತೆ ಅನ್ನೋದು ಇದರಲ್ಲಿ ನನ್ನನ್ನ ಬಹಳ ಕಾಡಿದ ಸಂಗತಿ. 1980ರ ದಶಕದಲ್ಲಿ ಬಾವರ್, ಆಮೇಲೆ ಟ್ರಾನೆಲ್ ಮತ್ತು ಡಮಾಸಿಯೊ ಅನ್ನೋ ವಿಜ್ಞಾನಿಗಳು, ಮುಖಗುರುಡು ಬಂದೋರ ಬೆರಳಿಗೆ ವೈರ್ ಕಟ್ಟಿ ಬೆವರು ಅಳೆದ್ರು. ಬಾಯಲ್ಲಿ "ಗೊತ್ತಿಲ್ಲ" ಅಂತಿದ್ರೂ ಗೊತ್ತಿದ್ದ ಮುಖಕ್ಕೆ ಚರ್ಮ ಬೇರೆ ಥರ ಸ್ಪಂದಿಸ್ತಿತ್ತು. ಇದರ ಉಲ್ಟಾ ಕೇಸೂ ಇದೆ, ಕ್ಯಾಪ್‌ಗ್ರಾ ಅಂತ, 1923ರಲ್ಲಿ ಫ್ರಾನ್ಸಲ್ಲಿ ವರ್ಣಿಸಿದ್ದು: ಮುಖ ಸರಿಯಾಗೇ ಸಿಗುತ್ತೆ, ಅದರ ಜೊತೆ ಬರಬೇಕಾದ ಒಳಗಿನ ಬಿಸುಪು ಬರಲ್ಲ, ಆಗ ರೋಗಿ "ಇವಳು ನಮ್ಮಮ್ಮನ ಥರಾನೇ ಇದಾಳೆ, ಆದ್ರೆ ನಮ್ಮಮ್ಮ ಅಲ್ಲ, ಯಾರೋ ವೇಷ ಹಾಕ್ಕೊಂಡು ಬಂದಿದಾರೆ" ಅಂತಾನೆ. ನಮ್ಮ ತಮಿಳುನಾಡು ಮೂಲದ ವಿ.ಎಸ್. ರಾಮಚಂದ್ರನ್ 1997ರಲ್ಲಿ ಇಂಥ ಒಬ್ಬ ರೋಗಿಯನ್ನ ಹೀಗೇ ಬೆವರು ಅಳೆದು ನೋಡಿದ್ರು, ಚರ್ಮ ಸುಮ್ಮನಿತ್ತು.

ಹಂಗಾದ್ರೆ ಆ ಫ್ಲೆಕ್ಸ್? ಮುಖದ ವಿಷಯದಲ್ಲಿ ಬಲಕ್ಕೆ ಒಲವಿದೆ ಅನ್ನೋದು ಸರಿ. ಆದ್ರೆ ಒಂದು ಮುಖ ಗುರುತು ಹಿಡಿದು "ಬಾರೋ" ಅಂತ ಹೆಸರಿಡಿದು ಕರೆಯೋ ಅಷ್ಟರಲ್ಲಿ ಅಳತೆ, ತೀರ್ಪು, ಒಟ್ಟು, ಬಿಡಿ, ಹೆಸರು, ಬಿಸುಪು ಅಂತ ಎಷ್ಟೋ ಸಲ ಸೇತುವೆ ದಾಟಿ ಆಗಿರುತ್ತೆ. ಒಬ್ಬ ಮನುಷ್ಯನೇ ರೈಟ್ ಬ್ರೈನು, ಇನ್ನೊಬ್ಬ ಲೆಫ್ಟ್ ಬ್ರೈನು ಅನ್ನೋದಂತೂ ನಿಲ್ಲೋ ಮಾತಲ್ಲ, 2013ರಲ್ಲಿ ಅಮೆರಿಕದ ಯೂಟಾ ಯೂನಿವರ್ಸಿಟಿಯೋರು ಸಾವಿರಕ್ಕೂ ಹೆ‍ಚ್ಚು ಜನರ ಸ್ಕ್ಯಾನ್ ಜಾಲಾಡಿದ್ರೂ ಹಂಗೆ ಒಂದು ಕಡೆಗೆ ವಾಲಿದ ಮೆದುಳಿನ ಜನ ಸಿಗ್ಲಿಲ್ಲ. ಮಕ್ಕಳ ಕೈಲಿ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸ್ತೀವಿ, ಬಲ ಮೆದುಳು ಎಬ್ಬಿಸ್ತೀವಿ ಅಂತ ಸಾವಿರಗಟ್ಟಲೆ ಫೀಸ್ ಕೀಳೋದು ಸುಲಿಗೆ, ಇಷ್ಟು ನೇರವಾಗೇ ಹೇಳ್ತೀನಿ. ಮಗುವಿನ ಬಲ ಮೆದುಳು ಎದ್ದೇ ಇರುತ್ತೆ ಸ್ವಾಮಿ, ಹಸುಗೂಸಾಗಿದ್ದಾಗಲೇ ಅಮ್ಮನ ಮುಖ ನೋಡ್ತಾ ಎದ್ದಿತ್ತು.

ಹೋದ ತಿಂಗಳು ಮಾವನ್ನ ಎಪಿಎಂಸಿಗೆ ಕರ್ಕೊಂಡು ಹೋಗಿದ್ದೆ. ಈಗ ಅಂಗಡಿ ಮಗಂದು, ಮಾವ ಬಾಗಿಲ ಬಲಗಡೆ ಕುರ್ಚಿ ಹಾಕ್ಕೊಂಡು ಗೋಡೆಗೆ ಎಡಭುಜ ಆನಿಸಿ ಕೂರ್ತಾರೆ, ಬರೋರೆಲ್ಲ ಅವರ ಬಲಗಡೆಯಿಂದ್ಲೇ ಬರ್ಬೇಕು ಹಂಗೆ, ಈ ಉಪಾಯ ಅವರೇ ಮಾಡ್ಕೊಂಡಿರೋದು. ಹನ್ನೊಂದರ ಹೊತ್ತಿಗೆ ತಲೆಗೆ ಟವಲ್ ಸುತ್ತಿದ ಒಬ್ಬ ರೈತ ಬಂದು ಮುಂದೆ ನಿಂತ. ಮಾವ ಅವನ ಮೀಸೆ ನೋಡಿದ್ರು, ಟವಲ್ ನೋಡಿದ್ರು, ಕೈಯಲ್ಲಿದ್ದ ಚೀಟಿ ನೋಡಿದ್ರು, ಏನೂ ಹೊಳೀಲಿಲ್ಲ, ಸುಮ್ಮನೆ ನಕ್ಕರು. ಆ ರೈತ ಟವಲ್ ಬಿಚ್ಚಿ ಬೆವರು ಒರೆಸ್ಕೊಳ್ತಾ "ಏನ್ ಸೌಕಾರ್ರೆ, ಆರಾಮಿದೀರಾ?" ಅಂದ.

"ಅಯ್ಯ, ಜಗಳೂರು ಕಡೆಯೋನು, ಬಾರಪಾ ಕೂತ್ಕೋ" ಅಂದ್ರು ಮಾವ. "ಹೋದ ಸಲ ಮಳೆಲಿ ನೆಂದ ಮಾಲು ತಂದಿದ್ದೆ, ಇಪ್ಪತ್ತೆರಡು ಚೀಲ. ಈ ಸಲಾನಾದ್ರೂ ಒಣಗಿಸ್ಕೊಂಡು ಬಂದಿದೀಯೋ ಇಲ್ವೋ?"